ಹನ್ನೊಂದನೇ ನಂಬರಿನ ಎಡಗಡೆ ಸೀಟು

“ಮಂಚದ ಕೆಳಗೆ ನಿಮ್ಮ ಹೆಂಡತಿ ಇರಲ್ಲ ಡಾಕ್ಟ್ರೇ. ಎದ್ದೇಳಿ, ಪ್ಯಾಂಟು ಕೊಳೆ ಆಗುತ್ತೆ.”

ಹಲ್ಲಿನ ಡಾಕ್ಟರು ಏಳಲಿಲ್ಲ. ಓದುವ ಕನ್ನಡಕವನ್ನು ತೆಗೆದು ದಿಂಬಿನ ಮೇಲಿಟ್ಟು, ಕೆನ್ನೆಯನ್ನು ನೆಲಕ್ಕೆ ಒತ್ತಿ, ಲಾಡ್ಜಿನ ಹದಿನಾಲ್ಕನೇ ರೂಮಿನ ಮಂಚದಡಿ ಕೈ ಚಾಚಿದರು. ಸಿಕ್ಕಿದ್ದು ಒಂದು ಹೇರ್‌ಪಿನ್ನು. ಕಿತ್ತ ಹಲ್ಲನ್ನು ನೋಡುವವರ ಹಾಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇದು ಅವಳದ್ದಲ್ಲ. ಅವಳದ್ದು ಕಪ್ಪು. ಇದು ಕಂದು.”

“ಅದು ತುಕ್ಕು ಸ್ವಾಮಿ. ಹೋದ ವರ್ಷ ಯಾರೋ ಬೀಳಿಸ್ಕೊಂಡಿದ್ದು” ಎಂದಳು ಚೆಕಿಂಗಮ್ಮ.

ಡಾಕ್ಟರ ಹೆಂಡತಿ ಸಂಗೀತದ ಟೀಚರು. ಎರಡು ದಿನದ ಪರೀಕ್ಷೆ ಕೆಲಸಕ್ಕೆಂದು ಈ ಊರಿಗೆ ಬಂದವರು, “ಇನ್ನೊಂದು ದಿನ ಇರ್ತೀನಿ” ಎಂದು ನಿನ್ನೆ ಒಂದು ಸಾಲು ತಿಳಿಸಿ ಸುಮ್ಮನಾಗಿದ್ದರು. ಅಷ್ಟಕ್ಕೇ ಡಾಕ್ಟರು ಬೆಳಗಿನ ಮೊದಲ ರೈಲು ಹತ್ತಿ ಬಂದು, ಬಸ್ ನಿಲ್ದಾಣದ ಮೇಲ್ಮಹಡಿಯಲ್ಲಿರುವ ಚೆಕಿಂಗಮ್ಮನ ಪತ್ತೇದಾರಿ ಆಫೀಸಿನ ಬಾಗಿಲು ಬಡಿದಿದ್ದರು.

“ಸಂಜೆ ಐದರ ರೈಲಿಗೆ ಅವಳನ್ನ ಕರ್ಕೊಂಡು ಹೋಗ್ತೀನಿ” ಎಂದು ಡಾಕ್ಟರು ಮಂಡಿಯ ಧೂಳು ಕೊಡವಿದರು. “ಇಲ್ಲ, ಅವನ್ಯಾರು ಅಂತ ತಿಳ್ಕೊಂಡು ನೇರ ವಕೀಲರ ಹತ್ತಿರ ಹೋಗ್ತೀನಿ. ಎರಡರಲ್ಲಿ ಒಂದು ಆಗಲೇಬೇಕು.”

“ಅವನು ಅಂತ ಒಬ್ಬ ಇದಾನೆ ಅಂತ ನಿಮಗೆ ಹೇಳಿದ್ದು ಯಾರು?”

“ಹೇಳಬೇಕಾ? ತಿಂಗಳಿಂದ ನೋಡ್ತಿದೀನಿ. ಪೋಸ್ಟ್‌ಮ್ಯಾನ್ ಬಂದ್ರೆ ನನಗಿಂತ ಮುಂಚೆ ಓಡ್ತಾಳೆ. ಒಬ್ಬಳೇ ಕೂತು ನಗ್ತಾಳೆ. ತಾಯಿ ತೀರ್ಕೊಂಡು ಮೂರು ತಿಂಗಳಾಗಿಲ್ಲ, ಆಗಲೇ ನಗು! ತಂದೆ ಮುಖ ನೋಡದೆ ಬೆಳೆದೋಳು, ಪಾಪ ಅಂತ ನಾನು ತಲೆ ಮೇಲೆ ಕೂರಿಸ್ಕೊಂಡೆ. ಮೂವತ್ತೊಂದು ವಯಸ್ಸಿಗೆ ಅವಳಿಗೆ ಈ ಬುದ್ಧಿ!”

ಚೆಕಿಂಗಮ್ಮ ತುಟಿ ಕಚ್ಚಿ ನಗು ತಡೆದಳು. ಹೊಟ್ಟೆಕಿಚ್ಚಿನ ಗಂಡಂದಿರನ್ನು ಅವಳು ಕಂಡಿದ್ದು ಒಬ್ಬಿಬ್ಬರನ್ನಲ್ಲ. ಹೆಂಡತಿಯ ಚಪ್ಪಲಿ ಎಷ್ಟು ಸವೆದಿದೆ ಎಂದು ಅಳತೆ ಹಿಡಿದವನೊಬ್ಬ. ಕೊಡೆ ಒದ್ದೆಯಾಗಿಲ್ಲ ಯಾಕೆ ಎಂದು ರಾದ್ಧಾಂತ ಮಾಡಿದವನೊಬ್ಬ. ಅವರನ್ನೆಲ್ಲ ನೋಡಿ ನೋಡಿ, ತನಗೆ ಮಾತ್ರ ಆ ಕಾಯಿಲೆ ಬಂದಿಲ್ಲ ಎಂಬ ಜಂಬ ಅವಳಿಗೆ ಚೆನ್ನಾಗಿಯೇ ಇತ್ತು.

ಬರುವುದಾದರೂ ಹೇಗೆ? ಅವಳ ಗಂಡ ಬಸ್ಸಿನ ಬೋರ್ಡು ಬರೆಯುವ ಪೇಂಟರು. ಮದುವೆಯಾಗಿ ಇಪ್ಪತ್ತಾರು ವರ್ಷ, ಮಕ್ಕಳಾಗಲಿಲ್ಲ, “ನೀನೊಬ್ಬಳು ಇದೀಯಲ್ಲ, ಸಾಕು ಬಿಡು” ಎಂದು ಅಂದೇ ಹೇಳಿ ಮತ್ತೆ ಆ ಮಾತೆತ್ತದ ಮನುಷ್ಯ. ಹೆಂಡತಿಯೊಬ್ಬಳನ್ನು ಬಿಟ್ಟು ಲೋಕಕ್ಕೆಲ್ಲ ಬಹುವಚನ. ಪಕ್ಕದ ಮನೆಯ ಬೆಕ್ಕು ಕಿಟಕಿಯಲ್ಲಿ ಬಂದು ಕೂತರೆ ಅದಕ್ಕೂ “ಬನ್ನಿ, ಕೂತ್ಕೊಳ್ಳಿ” ಎನ್ನುವಾತ. ಅಂಥವನ ಮೇಲೆ ಅನುಮಾನ ಪಡಲು ಯಾರಿಗೆ ಪುರಸೊತ್ತಿದೆ?

ಅವಳು ಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಪೆನ್ಸಿಲ್ ಸಿಪ್ಪೆ, ಗಂಟಲಿನ ಮಾತ್ರೆಯ ಕಾಗದ, ಎರಡು ಹಳದಿ ರಟ್ಟಿನ ಚೀಟಿಗಳು. ಚೀಟಿಗಳನ್ನು ಕಂಡದ್ದೇ ಅವಳ ಮುಖ ಅರಳಿತು.

“ದಿನದ ಪಾಸು! ಡಾಕ್ಟ್ರೇ, ಇನ್ನು ಯಾರನ್ನೂ ಕೇಳೋದೇ ಬೇಡ.”

ಹದಿನೆಂಟು ವರ್ಷ ಸಿಟಿ ಬಸ್ಸಿನಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರಾಗಿದ್ದವಳು ಅವಳು. ಹೆಸರು ಬಂದದ್ದೂ ಅಲ್ಲಿಂದಲೇ. ಈ ಊರಿನ ಬಸ್ಸಿನಲ್ಲಿ ದಿನದ ಪಾಸು ತೋರಿಸಿದವರನ್ನು ಕಂಡಕ್ಟರು ಸುಮ್ಮನೆ ಬಿಡುವುದಿಲ್ಲ, ಹತ್ತಿದಾಗಲೆಲ್ಲ ಅದಕ್ಕೊಂದು ತೂತು ಒತ್ತುತ್ತಾನೆ. ಒಂದೊಂದು ರೂಟಿನ ಪಂಚಿಂಗ್ ಯಂತ್ರದ್ದು ಒಂದೊಂದು ಆಕಾರ. ನಾಲ್ಕನೇ ನಂಬರಿನದು ನಕ್ಷತ್ರ. ಏಳನೆಯದು ಎಲೆ. ಹನ್ನೊಂದನೆಯದು ಅರ್ಧಚಂದ್ರ.

“ಮೊನ್ನೆಯ ಪಾಸು ನೋಡಿ. ಎರಡು ನಕ್ಷತ್ರ. ನಾಲ್ಕನೇ ನಂಬರಲ್ಲಿ ಪರೀಕ್ಷೆಗೆ ಹೋಗಿದಾರೆ, ಬಂದಿದಾರೆ. ನಿನ್ನೇದು, ಎರಡು ನಕ್ಷತ್ರ, ಆಮೇಲೆ ಎರಡು ಅರ್ಧಚಂದ್ರ. ಕೆಲಸ ಮುಗಿಸಿ ರೂಮಿಗೆ ಬಂದು, ಸಂಜೆ ಹನ್ನೊಂದನೇ ನಂಬರ್ ಹತ್ತಿ ಎಲ್ಲಿಗೋ ಹೋಗಿ ಬಂದಿದಾರೆ. ಇವತ್ತಿನ ಪಾಸು ಅವರ ಕೈಯಲ್ಲೇ ಇದೆ.”

“ಎಲ್ಲಿಗೆ?”

“ಅದಕ್ಕೆ ಇಪ್ಪತ್ತೆರಡು ಸ್ಟಾಪು. ನಮ್ಮನೆ ಮುಂದೂ ಅದೇ ಬಸ್ಸು ಹೋಗೋದು” ಎಂದು ನಗುತ್ತ ಹೇಳಿ, ಪಾಸುಗಳನ್ನು ತನ್ನ ಹಳೆಯ ಮೆಮೋ ಪುಸ್ತಕದ ನಡುವೆ ಸೇರಿಸಿದಳು. “ನಿಮಗೆ ಇನ್ನೊಂದು ವಿಷಯ ಹೊಳೀಲಿಲ್ವಾ? ಪರೀಕ್ಷೆ ಶಾಲೆ ಊರಿನ ಪೂರ್ವಕ್ಕೆ. ಅಲ್ಲೇ ಗೆಸ್ಟ್ ರೂಮ್ ಕೊಡ್ತೀವಿ ಅಂದಿದ್ರು ಅಂತ ನೀವೇ ಹೇಳಿದ್ರಿ. ಇವರು ಬಂದು ಇಳ್ಕೊಂಡಿದ್ದು ಪಶ್ಚಿಮದ ತುದೀಲಿ, ಮುಕ್ಕಾಲು ಗಂಟೆ ದೂರ. ಎರಡು ದಿನಕ್ಕೆ ಊರಿಗೆ ಬಂದೋರು ಕೆಲಸದ ಹತ್ತಿರ ಇಳ್ಕೊತಾರೆ, ಇಲ್ಲ ಸ್ಟೇಷನ್ ಹತ್ತಿರ ಇಳ್ಕೊತಾರೆ. ಎರಡೂ ಬಿಟ್ಟಿದಾರೆ ಅಂದ್ರೆ ಇನ್ಯಾವುದಕ್ಕೋ ಹತ್ತಿರ ಆಗಬೇಕಿತ್ತು.”

“ಯಾರಿಗೋ ಅನ್ನಿ!” ಡಾಕ್ಟರ ದನಿ ಕೀರಲಾಯಿತು. ಕನ್ನಡಕವನ್ನು ದಿಂಬಿನ ಮೇಲೇ ಮರೆತು ದಡದಡನೆ ಮೆಟ್ಟಿಲಿಳಿದರು.

ಕೆಳಗೆ ಲಾಡ್ಜಿನ ಮ್ಯಾನೇಜರು ಕೌಂಟರಿನ ಹಿಂದೆ ಪದಬಂಧ ತುಂಬುತ್ತ ಕೂತಿದ್ದರು. ಎಪ್ಪತ್ತರ ಆಸುಪಾಸಿನ ಮನುಷ್ಯ, ಸ್ವೆಟರಿಗೆ ಮೂರು ಬಗೆಯ ಗುಂಡಿ. ಮೊಣಕೈ ಪಕ್ಕದಲ್ಲೇ ಕಪ್ಪು ಟೆಲಿಫೋನು.

“ಟೀಚರು ನಿಮ್ಮ ಲಾಡ್ಜೇ ಯಾಕೆ ಹಿಡಿದ್ರು?” ಎಂದಳು ಚೆಕಿಂಗಮ್ಮ.

“ನನಗೂ ಅದೇ ಆಶ್ಚರ್ಯ. ತಿಂಗಳ ಕೆಳಗೆ ಕಾಗದ ಬರೆದ್ರು. ಎಲ್ಲರೂ ಬಿಸಿನೀರು ಬರುತ್ತಾ, ತಿಗಣೆ ಇದೆಯಾ ಅಂತ ಕೇಳ್ತಾರೆ. ಇವರು ಕೇಳಿದ್ದು ಒಂದೇ ಒಂದು. ಹನ್ನೊಂದನೇ ನಂಬರ್ ಬಸ್ಸು ನಿಮ್ಮ ಬಾಗಿಲಲ್ಲಿ ನಿಲ್ಲುತ್ತಾ ಅಂತ.”

“ನಿಲ್ಲುತ್ತೆ ಅಂದ್ರಾ?”

“ನಿಲ್ಲುತ್ತಲ್ಲ, ಅಂದೆ. ತಿಗಣೆ ವಿಷಯ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ಅವಳಿಗೆ ಫೋನ್ ಬಂದಿತ್ತಾ? ಯಾರು ಮಾಡಿದ್ರು? ಗಂಡಸಾ?” ಡಾಕ್ಟರು ಕೌಂಟರಿನ ಮೇಲೆ ಅರ್ಧ ಹತ್ತಿಯೇ ಬಿಟ್ಟಿದ್ದರು.

ಮ್ಯಾನೇಜರು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡರು. “ನಿನ್ನೆ ನಾಲ್ಕೂವರೆಗೆ ಒಂದು ಬಂತು. ಗಂಡಸೇ. ನಾನೇನು ಕದ್ದು ಕೇಳಲಿಲ್ಲ ಸಾರ್. ಈ ಫೋನೇ ಹಂಗೆ, ಇದರ ಗಂಟಲು ದೊಡ್ಡದು. ಆ ಕಡೆಯೋರು ಪಿಸುಗುಟ್ಟಿದ್ರೂ ಈ ಕಡೆ ಮೂರು ಜನಕ್ಕೆ ಕೇಳುತ್ತೆ. ಎಷ್ಟು ರಿಪೇರಿ ಮಾಡಿಸಿದ್ರೂ ಅಷ್ಟೆ.”

“ಏನ್ ಮಾತಾಡಿದ್ರು?”

“ಹೇಗಿದೀಯ, ಚೆನ್ನಾಗಿದೀಯಾ... ಅಂಥದ್ದೇ. ಟೀಚರು ‘ಸರಿ, ಬರ್ತೀನಿ’ ಅಂತ ಹೇಳಿ ಇಟ್ರು. ಅಷ್ಟೆ.”

“ಬರ್ತೀನಿ ಅಂದಳಾ!”

“ಅಯ್ಯೋ ಸಾರ್, ಅದಕ್ಯಾಕೆ ಗಾಬರಿ? ಎದ್ದು ಹೊರಟೋರೆಲ್ಲ ಅನ್ನೋದು ಅದನ್ನೇ ಅಲ್ವಾ? ಹೋಗ್ತೀನಿ ಅಂತ ಯಾರಂತಾರೆ, ಬರ್ತೀನಿ ಅಂತಾರೆ. ಬಾಯಿಮಾತು.”

ಡಾಕ್ಟರು ಉಸಿರು ಬಿಟ್ಟು ಕೌಂಟರಿನಿಂದ ಇಳಿದರು. ಹೌದಲ್ಲ, ಅವರ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡವರೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ “ಬಯ್ತೀನಿ” ಎಂದು ಹೊರಡುತ್ತಾರೆ. ಅವರ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ಸ್ವಲ್ಪ ಗೆಲುವು ಕಂಡಿತು.

ಚೆಕಿಂಗಮ್ಮ ಮಾತ್ರ ಮೆಮೋ ಪುಸ್ತಕ ತೆರೆದು ಆ ಒಂದು ಪದ ಬರೆದುಕೊಂಡಳು. ಕಿವಿಗೆ ಬಿದ್ದ ಮುಖ್ಯ ಮಾತನ್ನು ಬಿದ್ದ ಹಾಗೇ ಬರೆದುಕೊಳ್ಳುವುದು ಚೆಕಿಂಗ್ ಕಾಲದ ಅಭ್ಯಾಸ. ಬರೆದು, ತಲೆ ಎತ್ತಿದಳು.

“ಮ್ಯಾನೇಜರೇ, ಈ ಫೋನಲ್ಲಿ ದಿನಕ್ಕೆ ಎಷ್ಟು ಜನ ಮಾತಾಡ್ತಾರೆ?”

“ಇಪ್ಪತ್ತಾದ್ರೂ ಆಗ್ತಾರೆ.”

“ಮಾತು ಮುಗಿದಾಗ ಏನಂತಾರೆ?”

“ಏನಂತಾರೆ... ‘ಇಡ್ತೀನಿ’ ಅಂತಾರೆ. ‘ಇಡ್ಲಾ’ ಅಂತಾರೆ.”

“ಬರ್ತೀನಿ ಅಂತ ಯಾರಾದ್ರೂ ಅಂದಿದಾರಾ? ಎದುರಿಗೆ ನಿಂತೋರಿಗೆ ಬರ್ತೀನಿ ಅಂದ್ರೆ ಹೊರಟೆ ಅಂತ. ಫೋನಲ್ಲಿ ಇರೋರು ಎದ್ದು ಎಲ್ಲಿಗೆ ಹೋಗ್ತಾರೆ? ಇಡ್ತೀನಿ ಅನ್ನೋ ಜಾಗದಲ್ಲಿ ಬರ್ತೀನಿ ಅಂದಿದಾರೆ ಅಂದ್ರೆ, ಬಾ ಅಂತ ಕರೆದಿದಾರೆ, ಇವರು ಬರ್ತೀನಿ ಅಂತ ಒಪ್ಪಿದಾರೆ. ನೀವು ಪದಬಂಧ ತುಂಬೋರು. ಇದು ನಿಮಗೆ ಹೊಳೀಲಿಲ್ಲ ಅಂದ್ರೆ ನಾನು ನಂಬಬೇಕಾ?”

ಮ್ಯಾನೇಜರ ಕಿವಿ ಕೆಂಪಗಾಯಿತು. ಡಾಕ್ಟರ ಮುಖದ ಗೆಲುವು ಇಳಿದುಹೋಯಿತು.

“ಹೇಳಬಾರದು ಅಂತ ಇರಲಿಲ್ಲಮ್ಮ” ಎಂದರು ಮ್ಯಾನೇಜರು ಮೆಲ್ಲಗೆ. “ಆ ಹೆಣ್ಣುಮಗಳು ಫೋನ್ ಇಟ್ಟಮೇಲೆ ಅಲ್ಲಿ, ಆ ಬೆಂಚಿನ ಮೇಲೆ ಕೂತು ಅತ್ತುಬಿಟ್ರು. ದುಃಖದ ಅಳು ಅಲ್ಲ ಅದು. ನೋಡಿ ನನಗೂ ಒಂಥರಾ ಆಯ್ತು. ಯಾಕೆ ಅವರಿಗೆ ತೊಂದರೆ ಕೊಡೋದು ಅಂತ ಸುಮ್ಮನಿದ್ದೆ.”

“ಸಂತೋಷಕ್ಕೆ ಅತ್ತಳಾ!” ಡಾಕ್ಟರು ಗೋಡೆ ಹಿಡಿದುಕೊಂಡರು. “ನನ್ನ ಜೊತೆ ಒಂಬತ್ತು ವರ್ಷ ಬಾಳಿದಾಳೆ. ಒಂದು ದಿನ ಸಂತೋಷಕ್ಕೆ ಅತ್ತಿಲ್ಲ.”

ಆ ಮಾತಿಗೆ ಚೆಕಿಂಗಮ್ಮನಿಗೂ ಪಾಪ ಅನ್ನಿಸಿತು. ಆದರೂ ಕೆಲಸ ಕೆಲಸವೇ. “ಇನ್ನೇನು ಮುಚ್ಚಿಟ್ಟಿದೀರಿ?”

ಮ್ಯಾನೇಜರು ಡ್ರಾಯರು ಎಳೆದು, ಲಾಡ್ಜಿಗೆ ಬಂದವರಿಗೆಲ್ಲ ಪುಕ್ಕಟೆ ಕೊಡುವ ಊರಿನ ನಕಾಶೆಯೊಂದನ್ನು ತೆಗೆದರು. “ಆತ ದಾರಿ ಹೇಳಿದ ಹಾಗೆ ಟೀಚರು ಇದರ ಬೆನ್ನ ಮೇಲೆ ಬರ್ಕೊಂಡ್ರು. ಒಂದಕ್ಷರ ಬಿಡದೆ. ಬೆಳಿಗ್ಗೆ ಹೋಗೋವಾಗ, ‘ದಾರಿ ಬಾಯಿಪಾಠ ಆಯ್ತು, ಇನ್ನು ಬೇಡ’ ಅಂತ ವಾಪಸ್ ಕೊಟ್ರು.”

ಡಾಕ್ಟರ ಕೈ ಮುಂದೆ ಬಂತು. ಚೆಕಿಂಗಮ್ಮನ ಕೈ ಅದಕ್ಕಿಂತ ಮುಂದಿತ್ತು.

ಟೀಚರ ದುಂಡನೆಯ ಅಕ್ಷರ. ಐದು ಸಾಲು.

‘ಹನ್ನೊಂದನೇ ನಂಬರ್. ಎಡಗಡೆ ಕೂತ್ಕೊ, ಆ ಕಡೆ ಬಿಸಿಲು ಬೀಳಲ್ಲ. ಗಡಿಯಾರದ ಅಂಗಡಿ ಬಂತು ಅಂತ ಏಳಬೇಡ. ಅದಾದ ಮೇಲೆ ಏರಿನಲ್ಲಿ ಬಸ್ಸು ಒಂದು ಸಲ ಕೆಮ್ಮುತ್ತೆ. ಕೆಮ್ಮಿದಾಗ ಏಳು, ಇಳಿದ್ರೆ ಎದುರಿಗೇ ನಾನಿರ್ತೀನಿ.’

ಚೆಕಿಂಗಮ್ಮ ಒಂದು ಸಲ ಓದಿದಳು. ಇನ್ನೊಂದು ಸಲ ಓದುವ ಅಗತ್ಯವೇ ಇರಲಿಲ್ಲ. ಈ ಐದು ಸಾಲು ಅವಳಿಗೆ ಇಪ್ಪತ್ತಾರು ವರ್ಷದಿಂದ ಬಾಯಿಪಾಠ.

ಮದುವೆಗೆ ಮುಂಚೆ, ಗಂಡನ ಮನೆ ನೋಡಲು ಮೊದಲ ಸಲ ಒಬ್ಬಳೇ ಹೊರಟಾಗ ಅವನು ಹೇಳಿದ್ದ ದಾರಿ ಇದು. ಇದೇ ಬಸ್ಸು, ಇದೇ ಬಿಸಿಲು, ಇದೇ ಕೆಮ್ಮು. ಅವಳು ಎಡಗಡೆಯೇ ಕೂತಿದ್ದಳು. ಗಡಿಯಾರದ ಅಂಗಡಿ ದಾಟಿ, ಏರಿನಲ್ಲಿ ಗೇರು ಬದಲಿಸುವಾಗ ಬಸ್ಸು ನಿಜವಾಗಿಯೂ ಮುದುಕರ ಹಾಗೆ ಕೆಮ್ಮಿದಾಗ ಅವಳಿಗೆ ನಗು ತಡೆಯಲಾಗದೆ ಪಕ್ಕದವರು ತಿರುಗಿ ನೋಡಿದ್ದರು. ಇಳಿದರೆ ಎದುರಿಗೇ ಅವನು, ಮೊಣಕೈಗೆಲ್ಲ ಕೆಂಪು ಬಣ್ಣ ಮೆತ್ತಿಕೊಂಡು. ಆ ಕ್ಷಣದಲ್ಲೇ ಅವಳು ಮನಸ್ಸಿನಲ್ಲಿ ಮದುವೆಗೆ ಹೂಂ ಅಂದುಬಿಟ್ಟಿದ್ದಳು.

ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು. ಓಹೋ, ಇದಾ ಅದು, ಎಂದುಕೊಂಡಳು. ಆ ಕಾಯಿಲೆ ಬಂದವರಿಗೆ ಹೀಗಾಗುತ್ತದಾ?

ಅವನು ಇನ್ನೊಬ್ಬಳನ್ನು ಕರೆಸಿಕೊಂಡ ಎಂಬುದು ಆಮೇಲಿನ ಮಾತು. ಆ ಎಡಗಡೆ ಸೀಟು ತನ್ನದು. ಆ ಕೆಮ್ಮು ತನ್ನದು. ಅದನ್ನು ಎತ್ತಿ ಇನ್ನೊಬ್ಬಳಿಗೆ ಕೊಡಲು ಅವನಿಗೆ ಮನಸ್ಸಾದರೂ ಹೇಗೆ ಬಂತು? ಅದೂ ‘ಕೂತ್ಕೊ’, ‘ಏಳಬೇಡ’, ‘ಏಳು’! ಬೆಕ್ಕಿಗೆ ಬನ್ನಿ ಎನ್ನುವವನು ಈ ಮೂವತ್ತೊಂದರ ಚೆಲುವೆಗೆ ಏಕವಚನ ಎಲ್ಲಿಂದ ತಂದ?

ಎಲ್ಲ ಒಂದೊಂದಾಗಿ ನೆನಪಾಯಿತು. ತಿಂಗಳಿಂದ ದಿನಾ ಕ್ಷೌರ. ನಿನ್ನೆ ಸಂಜೆ, “ಅಕ್ಕನ ಮನೆಗೆ ಹೋಗಿ ಎಷ್ಟು ದಿನ ಆಯ್ತು, ಹೋಗಿ ಬಾ” ಎಂದು ತಾನಾಗಿ ಕಳಿಸಿದ್ದು. ಇವತ್ತು ಬೆಳಿಗ್ಗೆ ಎರಡೆರಡು ಸಲ, “ಮಧ್ಯಾಹ್ನ ಊಟಕ್ಕೆ ಬರ್ತೀಯಾ, ಇಲ್ವಾ?” ಎಂದು ಕೇಳಿದ್ದು. ಎಷ್ಟು ಪ್ರೀತಿ ಎಂದು ತಾನು ದಾರಿಯುದ್ದಕ್ಕೂ ಬೀಗಿಕೊಂಡು ಬಂದಿದ್ದಳಲ್ಲ!

“ಏನ್ರೀ ಬರೆದಿದೆ? ಗರ ಬಡಿದೋರ ಥರ ನಿಂತಿದೀರಲ್ಲ!” ಡಾಕ್ಟರು ಜೇಬು ತಡವಿದರು. ಕನ್ನಡಕವಿಲ್ಲ. “ಓದಿ. ಜೋರಾಗಿ ಓದಿ.”

ಕಕ್ಷಿದಾರರ ಮುಂದೆ ಸಾಕ್ಷಿ ಮುಚ್ಚಿಡಬಾರದು ಎಂಬುದು ಚೆಕಿಂಗಮ್ಮ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಒಂದು ಸಲವೂ ಮುರಿದಿರಲಿಲ್ಲ.

“ನಾಲ್ಕನೇ ನಂಬರ್” ಎಂದು ಓದಿದಳು, ಕಾಗದದಿಂದ ಕಣ್ಣೆತ್ತದೆ. “ಶಾಲೆ ಗೇಟಿನ ಹತ್ತಿರ ಇಳೀಬೇಕು. ಬಲಗಡೆ ಆಫೀಸು. ಅಷ್ಟೇ.”

“ಐದು ಸಾಲು ಇದೆ. ಕನ್ನಡಕ ಇಲ್ಲದಿದ್ರೂ ಸಾಲು ಎಣಿಸೋಕೆ ಬರುತ್ತೆ ನನಗೆ.”

“ದೊಡ್ಡಕ್ಷರ ಅವರದ್ದು.”

ಮ್ಯಾನೇಜರು ಚೆಕಿಂಗಮ್ಮನ ಮುಖವನ್ನೇ ನೋಡಿದರು. ನಿನ್ನೆ ಆ ಐದು ಸಾಲನ್ನು ಪೂರ್ತಿ ಕೇಳಿಸಿಕೊಂಡವರು ಅವರು. ಬಾಯಿ ತೆರೆದರು. ಚೆಕಿಂಗಮ್ಮ ಕಣ್ಣಲ್ಲೇ ಬೇಡಿಕೊಂಡಳು. ಅವರು ಬಾಯಿ ಮುಚ್ಚಿ ಪೆನ್ಸಿಲು ಕೈಗೆತ್ತಿಕೊಂಡರು.

“ನೀವು ನನ್ನ ಕಡೆಯೋರಾ, ಅವಳ ಕಡೆಯೋರಾ?” ಡಾಕ್ಟರು ಗುಡುಗಿದರು. “ಇಲ್ಲೇ ಇರಿ. ಕನ್ನಡಕ ತರ್ತೀನಿ. ಆ ಕಾಗದ ಎಲ್ಲಾದ್ರೂ ಮಾಯ ಆಯ್ತೋ, ನೋಡ್ಕೊತೀನಿ ನಿಮ್ಮನ್ನ.”

ಮೆಟ್ಟಿಲು ದಡದಡ ಎಂದಿತು. ಚೆಕಿಂಗಮ್ಮನಿಗೆ ಸಿಕ್ಕಿದ್ದು ಎರಡು ನಿಮಿಷ. ಬುದ್ಧಿ ನೆಟ್ಟಗಿದ್ದಿದ್ದರೆ ಹೊರಗೆ ಹೋಗಿ ಬಸ್ಸು ಹತ್ತುತ್ತಿದ್ದಳು. ಹೊಟ್ಟೆಕಿಚ್ಚು ಹೊತ್ತಿದ ತಲೆಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಅವನು ಮನೆಯಲ್ಲಿ ಒಬ್ಬನೇ ಇದ್ದಾನೆ ಎಂದು ಅವನ ಬಾಯಿಂದಲೇ ಕೇಳಬೇಕು, ಈಗಲೇ ಕೇಳಬೇಕು. ಕೌಂಟರಿನ ಫೋನೆತ್ತಿ ಮನೆಯ ನಂಬರು ತಿರುಗಿಸಿದಳು. ಆ ಫೋನಿನ ಗಂಟಲು ಎಂಥದು ಎಂಬುದು ಅವಳಿಗೆ ಮರೆತೇಹೋಗಿತ್ತು.

“ಹಲೋ.”

“ನಾನು.”

“ನೀನಾ! ಎಲ್ಲಿದೀಯ? ಊಟಕ್ಕೆ ಬರ್ತೀಯಾ?”

ಮೂರನೇ ಸಲ. “ಬರಲ್ಲ. ಏನ್ ಮಾಡ್ತಿದೀರಿ?”

“ನಾನಾ... ಬೋರ್ಡು ಬರೀತಿದೀನಿ.”

“ಒಬ್ಬರೇನಾ?”

ಆ ಕಡೆ ಏನೋ ಹೇಳಲು ಹೊರಟು ನುಂಗಿಕೊಂಡ ಸದ್ದು. “ನೋಡು, ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು. ಫೋನಲ್ಲಿ ಬೇಡ. ಸಂಜೆ...”

ಅವನ ಮಾತಿನ ಹಿಂದೆ ಬಾಗಿಲ ಚಿಲಕ ತೆಗೆದ ಸದ್ದಾಯಿತು. ಹಿಂದೆಯೇ ಒಂದು ಹೆಣ್ಣು ದನಿ. ತಿದ್ದಿ ತೀಡಿದ, ಶ್ರುತಿ ಹಿಡಿದಂಥ ದನಿ. ಒಂದೇ ಒಂದು ಮಾತು.

“ಬರ್ತೀನಪ್ಪಾ.”

“ಇಡ್ತೀನಿ” ಎಂದ ಗಂಡ. ಫೋನು ಸತ್ತಿತು.

ಚೆಕಿಂಗಮ್ಮ ರಿಸೀವರನ್ನು ಹಿಡಿದೇ ನಿಂತಳು. ಇನ್ನೊಂದು ಕೈ ಅಭ್ಯಾಸಬಲದಿಂದ ಮೆಮೋ ಪುಸ್ತಕದಲ್ಲಿ ಆ ಪದ ಬರೆಯಿತು. ಬರ್ತೀನಪ್ಪಾ. ಎದುರಿಗೆ ನಿಂತವರಿಗೆ ಹೇಳುವ ಬರ್ತೀನಿ ಇದು. ಅವಳು ಹೊರಟಿದ್ದಾಳೆ, ಅಷ್ಟು ಸರಿಯೇ. ಆದರೆ ಅದರ ಬಾಲ?

ಕೂಡಿಸಿ ಓದಿದರೆ ಅದು ಸಲಿಗೆ. ಸಾಕಪ್ಪಾ, ಹೋಗಪ್ಪಾ ಎಂದು ದಿನಕ್ಕೆ ಹತ್ತು ಸಲ ಯಾರು ಯಾರಿಗೆ ಬೇಕಾದರೂ ಅನ್ನುವ ಮಾತು. ಮನಸ್ಸು ಕೊಟ್ಟ ಹೆಂಗಸು ಗಂಡಸಿಗೆ ಧಾರಾಳವಾಗಿ ಅನ್ನಬಹುದು.

ಶಾಲೆಯಲ್ಲಿ ಮೇಷ್ಟರು ಪದ ಬಿಡಿಸಿ ಬರೆಯಿರಿ ಎನ್ನುತ್ತಿದ್ದರು. ಪೆನ್ಸಿಲು ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು. ಬರ್ತೀನಿ. ಅಪ್ಪಾ.

ಮೂವತ್ತೊಂದು ವಯಸ್ಸು. ತಂದೆಯ ಮುಖ ನೋಡದೆ ಬೆಳೆದವಳು. ತನ್ನ ಮದುವೆಯಾಗಿ ಇಪ್ಪತ್ತಾರೇ ವರ್ಷ.

ಹೊಟ್ಟೆಯೊಳಗಿನ ಕಿಚ್ಚು ಆರಬೇಕಿತ್ತು. ಆರಲಿಲ್ಲ. ಟೀಚರನ್ನು ಬಿಟ್ಟು, ಮೂರು ತಿಂಗಳ ಹಿಂದೆ ತೀರಿಹೋದ ಯಾವಳೋ ಒಬ್ಬಳ ಕಡೆಗೆ ತಿರುಗಿತು. ಇಪ್ಪತ್ತಾರು ವರ್ಷದಲ್ಲಿ ತನ್ನ ಕೈಲಿ ಆಗದ್ದನ್ನು ಅವನಿಗೆ ಕೊಟ್ಟಿದ್ದವಳು. ಎಡಗಡೆ ಸೀಟಿನಲ್ಲಿ ತನಗಿಂತ ಮುಂಚೆ ಅವಳೂ ಕೂತಿದ್ದಳೇನೋ.

ಮೆಟ್ಟಿಲಿನ ಕೊನೆಯ ಹಂತದಲ್ಲಿ, ಕನ್ನಡಕ ಹಾಕಿಕೊಂಡು, ಕೈ ಮುಂದೆ ಚಾಚಿದವರು ಚಾಚಿದಂತೆಯೇ, ಹಲ್ಲಿನ ಡಾಕ್ಟರು ನಿಂತಿದ್ದರು. ಅವರ ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

“ಅದು ನನ್ನ ಹೆಂಡತಿ ದನಿ” ಎಂದರು. “ಇಲ್ಲಿವರೆಗೂ ಕೇಳಿಸ್ತು.”

ಮ್ಯಾನೇಜರು ತಲೆ ತಗ್ಗಿಸಿದರು. ಹೊರಗೆ ಬಸ್ಸೊಂದು ಬಂದು ನಿಂತ ಸದ್ದು. ಕಿಟಕಿಯಲ್ಲಿ ಅದರ ಬೋರ್ಡು ಕಂಡಿತು. ಹನ್ನೊಂದು ಎಂಬ ದುಂಡನೆಯ ಕೆಂಪಕ್ಷರ, ಅವಳ ಗಂಡ ಬರೆದದ್ದೇ.

“ಯಾರ ಮನೆಗೆ ಫೋನ್ ಮಾಡಿದ್ರಿ? ನಿಮ್ಮನ್ನೇ ಕೇಳ್ತಿರೋದು. ಯಾರ ಮನೆ ರೀ ಅದು?”

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಚೆಕಿಂಗಮ್ಮ ರಿಸೀವರನ್ನು ಅದರ ಜಾಗದಲ್ಲಿ ಇಟ್ಟಳು. ಕೈಯಲ್ಲಿದ್ದ ನಕಾಶೆಯನ್ನು ಡಾಕ್ಟರ ಕೈಗೆ ಕೊಟ್ಟಳು.

“ನಮ್ಮನೆ” ಎಂದಳು.